ಹಗೇವಿನ ಬಾಯಿಗೆ ನಿಂತ ಏಣಿ

ಏಣಿಗೆ ಕೈ ಹಾಕಿದ ಮೇಲೆ ನಮಗೆ ಹೆಸರಿರುವುದಿಲ್ಲ, ನಂಬರ್ ಇರುತ್ತದೆ. ಒಂದು ಎಂದರೆ ಹುಕುಂ ಕೊಡುವವರು. ಎರಡು ಎಂದರೆ ಏಣಿಯ ತಲೆಯ ಕಡೆ ಇದ್ದು ಮೊದಲು ಹತ್ತುವವನು. ಮೂರು ಮತ್ತು ನಾಲ್ಕು ಏಣಿಯ ಕಾಲು ಹಿಡಿಯುವವರು. ಮೇಲೆ ಏನೇ ಆಗಲಿ, ಯಾರೇ ಕೂಗಲಿ, ಅವರಿಬ್ಬರು ಅಲ್ಲಿಂದ ಕದಲುವಂತಿಲ್ಲ, ತಲೆ ಎತ್ತಿ ನೋಡುವಂತಿಲ್ಲ. ಚಾಲಕ ಗಾಡಿಯ ಪಂಪು ಬಿಟ್ಟು ಬರುವಂತಿಲ್ಲ. ನಮ್ಮ ತಂಡದಲ್ಲಿ ನಾನು ಎರಡು. ಮೈಯಲ್ಲಿ ಮಾಂಸವಿಲ್ಲ, ಇರುವುದೆಲ್ಲ ಬಾಯಲ್ಲೇ ಇದೆ ಎಂದು ನಂಬರ್ ಒಂದು ನನ್ನನ್ನು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ಗಜೇಂದ್ರಗಡ, ರೋಣದ ಕಡೆ ಅಗ್ನಿಶಾಮಕ ದಳಕ್ಕೆ ಇಷ್ಟುದ್ದದ ಏಣಿ ಯಾಕೆ ಬೇಕು ಎಂದು ಜನ ಕೇಳುತ್ತಾರೆ. ನಾಲ್ಕನೇ ಮಹಡಿ ಇಲ್ಲದ ಊರುಗಳು ಇವು. ನಮಗಿಂತ ಹಿಂದಿನವರು ಹೇಳುತ್ತಿದ್ದ ಪ್ರಕಾರ, ಹತ್ತಿ ಜಿನ್ನುಗಳಿಗೆ ಬೆಂಕಿ ಬೀಳುತ್ತಿದ್ದ ಕಾಲದಲ್ಲಿ ತಗಡಿನ ಮಾಳಿಗೆ ಹತ್ತಲು ಏಣಿ ಬೇಕೇ ಬೇಕಿತ್ತು. ಆಗಿನದು ಕಟ್ಟಿಗೆಯದು. ಅಗಸಿ ಎಣ್ಣೆ ಒರೆಸಿ, ನೆರಳಲ್ಲಿ ಒಣಗಿಸಿ, ಮಗುವಿನಂತೆ ಜೋಪಾನ ಮಾಡಬೇಕಿತ್ತಂತೆ. ಅದನ್ನು ಎತ್ತಿ ನಿಲ್ಲಿಸಲು ನಾಲ್ಕು ಜನ ಸಾಲದೆ ದಾರಿಯಲ್ಲಿ ಹೋಗುವ ಹಮಾಲರನ್ನು ಕರೆಯುತ್ತಿದ್ದರಂತೆ. ಈಗ ಅಲ್ಯೂಮಿನಿಯಂ ಬಂದಿದೆ. ಎರಡು ತುಂಡು, ಒಂದರೊಳಗೆ ಒಂದು ಜಾರುತ್ತದೆ, ಹಗ್ಗ ಎಳೆದರೆ ಉದ್ದವಾಗುತ್ತದೆ. ಅದರಿಂದ ನಾವು ಮಾಡಿದ ಕೆಲಸ ಹೇಳಿದರೆ ನಗು ಬರುತ್ತದೆ. ಧ್ವಜಸ್ತಂಭದ ಗಾಲಿಗೆ ಸಿಕ್ಕ ಹಗ್ಗ ಬಿಡಿಸಿದ್ದೇವೆ, ಶಾಲೆಯ ಕಿಟಕಿಯ ಮೇಲಿನ ಜೇನು ಬಿಡಿಸಿದ್ದೇವೆ, ಬೇಡಿಕೆ ಈಡೇರುವ ತನಕ ಇಳಿಯುವುದಿಲ್ಲ ಎಂದು ನೀರಿನ ಟಾಕಿ ಹತ್ತಿ ಕೂತವನನ್ನು ಮಾತಾಡಿಸಿ ಇಳಿಸಿದ್ದೇವೆ. ಎಲ್ಲವೂ ಮೇಲೆ ಹತ್ತುವ ಕೆಲಸ. ಏಣಿಯನ್ನು ಕೆಳಗಿನ ಕೆಲಸಕ್ಕೆ ಹಚ್ಚಿದ್ದು ಒಂದೇ ಸಲ.

ಮುಂಗಾರಿನ ಮೊದಲ ಮಳೆ ಜೋರಾಗಿ ಬಿದ್ದು, ಎರೆ ಹೊಲಗಳಲ್ಲಿ ಹೆಸರು ಬಿತ್ತುತ್ತಿದ್ದ ಹೊತ್ತು. ನಮ್ಮ ಅಧಿಕಾರಿ ಇಲಾಖೆಯ ಕೆಲಸದ ಮೇಲೆ ನರಗುಂದಕ್ಕೆ ಹೋಗಿದ್ದರು. ಠಾಣೆ ನಂಬರ್ ಒಂದರ ಕೈಯಲ್ಲಿತ್ತು. ನಿವೃತ್ತಿಗೆ ಹತ್ತಿರ ಬಂದಿದ್ದ ಮನುಷ್ಯ, ಮಾತು ಕಡಿಮೆ, ಮೊಣಕಾಲು ನೋವು. ಸಿಲಿಂಡರ್, ಮಾಸ್ಕ್ ಕೂಡಿದ ಉಸಿರಾಟದ ಸೆಟ್ಟುಗಳು ಎರಡಿದ್ದವು, ಒಂದರ ಸಿಲಿಂಡರ್ ಗಾಳಿ ತುಂಬಿಸಲು ಗದಗಿಗೆ ಹೋಗಿತ್ತು. ಮಧ್ಯಾಹ್ನದ ಊಟಕ್ಕೆ ರೊಟ್ಟಿ ಗಂಟು ಬಿಚ್ಚುತ್ತಿದ್ದಾಗ ಫೋನ್ ಬಂತು.

"ಹಗೇವಿನ್ಯಾಗ ಇಬ್ಬರು ಬಿದ್ದಾರ್ರಿ. ಕೂಗಿದ್ರ ಓ ಅನ್ನವಲ್ರು. ಲಗೂ ಬರ್ರಿ."

ಸೂಡಿ ದಾಟಿ ಒಳಗೆ ಹೋಗಬೇಕಾದ ಒಂದು ಊರು. ಹೆಸರು ಬೇಡ, ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಒಳಗೆ ಕೋಣೆಯಷ್ಟು ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯನ ಹೆಗಲು ಹಿಡಿಸುವಷ್ಟು. ಸುತ್ತ ಜೋಳದ ಒಣ ದಂಟಿನ ಕಣಿಕೆ ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಹಗೇವಿನಲ್ಲಿ ಮನುಷ್ಯ ಉಸಿರಾಡುವ ಗಾಳಿ ಇರುವುದಿಲ್ಲ. ಮಳೆ ನೀರು ಇಳಿದು ಜೋಳ ಹುಳಿಯತೊಡಗಿದರಂತೂ ಅದು ಬಾವಿಗಿಂತ ಕಡೆ. ಇದು ಈ ಕಡೆಯ ರೈತರಿಗೆ ಗೊತ್ತಿಲ್ಲದ್ದಲ್ಲ. ಕಲ್ಲು ಸರಿಸಿ ಒಂದು ದಿನ ಹಾಗೇ ಬಿಡುತ್ತಾರೆ, ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಆರದಿದ್ದರೆ ಇಳಿಯುತ್ತಾರೆ.

ಗಾಡಿ ಊರ ಹೆಬ್ಬಾಗಿಲು, ಅಗಸಿಯ ಹತ್ತಿರವೇ ನಿಂತಿತು. ಮುಂದೆ ಓಣಿ ಸಣ್ಣದು. ಏಣಿ ಇಳಿಸಿ ನಾಲ್ಕು ಹೆಗಲಿಗೆ ಏರಿಸಿಕೊಂಡು ನಡೆದೆವು. ಎರೆ ಮಣ್ಣಿನ ಕೆಸರು ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಎರಡು ಕಾಲಿನ ಭಾರವಾಗಿತ್ತು. ಓಣಿಯ ತುಂಬ ಜನ, ಅರ್ಧ ಜನರ ಕೈಯಲ್ಲಿ ಮೊಬೈಲು ಮೇಲೆತ್ತಿದ್ದು. ನನಗೆ ಸಿಟ್ಟು ನೆತ್ತಿಗೇರಿತು.

"ಸರೀರ್ಯೋ, ಪಿಚ್ಚರ್ ತಗ್ಯಾಕ ಬಂದೀರೇನು?" ಎಂದು ಬೈದೆ.

"ಬಾಯಿ ಕೆಲಸ ಆಮ್ಯಾಲ ಮಾಡು, ಕಾಲ ನೋಡಿ ಇಡು," ಎಂದರು ನಂಬರ್ ಒಂದು.

ಹಗೇವು ಹಿತ್ತಲಲ್ಲಿತ್ತು, ಬೇವಿನ ಮರದ ಪಕ್ಕ. ಅದರ ಬಾಯಿಯ ಮೇಲೆ ಬಗ್ಗಿ ಒಬ್ಬ ಹಿರಿಯ ಮನುಷ್ಯ ಹಗ್ಗಕ್ಕೆ ಕಟ್ಟಿದ ಕಂಬಳಿಯನ್ನು ಒಳಗೆ ಬಿಟ್ಟು ಮೇಲೆ ಎಳೆದು, ಒಳಗೆ ಬಿಟ್ಟು ಮೇಲೆ ಎಳೆದು ಮಾಡುತ್ತಿದ್ದ. ಗಾಳಿ ಆಡಿಸುವ ಹಳೆಯ ರೀತಿ ಅದು. ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಅವನೇ ಮನೆಯ ಯಜಮಾನ. ಒಳಗೆ ಬಿದ್ದವರಲ್ಲಿ ಒಬ್ಬ ಅವನ ಮಗ, ಇನ್ನೊಬ್ಬ ಅವರ ಹೊಲಕ್ಕೆ ಬರುವ ಆಳು.

ಕಂಬಳಿ ಆಡಿಸುತ್ತಲೇ ಅವನು ನಡೆದದ್ದನ್ನು ಹೇಳಿದ. ಮಳೆ ನೀರು ಇಳಿದು ಜೋಳದ ವಾಸನೆ ಬರುತ್ತಿತ್ತು. ಇನ್ನೊಂದು ಮಳೆ ಬಿದ್ದರೆ ಪೂರಾ ಕೊಳೆಯುತ್ತದೆ ಎಂದು ಬೆಳಿಗ್ಗೆ ಕಲ್ಲು ಸರಿಸಿದ್ದರು. ದಿನ ಬಿಡಬೇಕಿತ್ತು, ಮೋಡ ಕಟ್ಟಿದ್ದರಿಂದ ಬಿಡಲಿಲ್ಲ. ಆಳು ಮೊದಲು ಹಗ್ಗ ಹಿಡಿದು ಇಳಿದ, ಕಾಲು ನೆಲಕ್ಕೆ ಹತ್ತಿದ್ದೇ ಕುಸಿದ. ಮಗ ಅಪ್ಪ ತಡೆದರೂ ನಿಲ್ಲದೆ ಅದೇ ಹಗ್ಗ ಹಿಡಿದು ಇಳಿದ. ಒಮ್ಮೆ "ಅಪ್ಪಾ" ಎಂದ. ಆಮೇಲೆ ದನಿ ಇಲ್ಲ.

"ದೀಪಾ ಬಿಟ್ಟು ನೋಡಿದ್ರಿಲ್ಲೋ?" ನಂಬರ್ ಒಂದು ಕೇಳಿದರು.

"ಬಿಟ್ಟೀನ್ರಿ ಸಾಹೇಬ್ರ. ನಾನಽ ಬಿಟ್ಟೀನಿ. ಬೆಳಕ ಆರಲಿಲ್ಲ."

ಈ ಮಾತು ನನ್ನ ತಲೆಯಲ್ಲಿ ಕೂತಿತು. ಬೆಳಕು ಆರಲಿಲ್ಲ ಎಂದರೆ ಗಾಳಿ ಪೂರಾ ಕೆಟ್ಟಿಲ್ಲ. ಆ ಮಾತು ನಂಬಿ ನಾನು ಸಾಯುವುದರಲ್ಲಿದ್ದೆ.

ಸೆಟ್ ಬೆನ್ನಿಗೆ ಹಾಕಿಕೊಂಡು ಬಾಯಿಗೆ ಕಾಲು ಇಳಿಬಿಟ್ಟೆ. ಸೊಂಟದ ತನಕ ಹೋಯಿತು. ಸಿಲಿಂಡರ್ ಕಲ್ಲಿನ ಅಂಚಿಗೆ ತಾಗಿ ನಿಂತಿತು. ಮಗ್ಗುಲಾದೆ, ಕೈ ಮೇಲೆತ್ತಿದೆ, ಉಸಿರು ಬಿಟ್ಟು ಎದೆ ಸಣ್ಣ ಮಾಡಿದೆ. ಹೋಗಲಿಲ್ಲ. ಬಡಕಲು ಮೈ ಎಂದು ಇಷ್ಟು ವರ್ಷ ಬೈಸಿಕೊಂಡದ್ದು ಅವತ್ತು ಉಪಯೋಗಕ್ಕೆ ಬರಲಿಲ್ಲ. ಗುಂಪಿನಲ್ಲಿ ಯಾರೋ ಅಂದರು:

"ಇಷ್ಟುದ್ದ ನಿಚ್ಚಣಿಕಿ ತಂದೀರಿ, ಒಳಗ ಹಿಡಸಾಂಗಿಲ್ಲ ಅದು. ಜೆಸಿಬಿ ತರ್ಸ್ರಿ, ಬಾಯಿ ಒಡದ ಬಿಡೂಣು."

ಒಡೆಯುವುದು ಸುಲಭ. ಆದರೆ ಹಸಿ ಮಣ್ಣು, ಬಾಯಿಯ ಕಲ್ಲುಗಳು ಒಂದನ್ನೊಂದು ಹಿಡಿದು ನಿಂತಿದ್ದವು. ಒಂದು ಕಲ್ಲು ಕಿತ್ತರೆ ಮೇಲಿನ ಮಣ್ಣೆಲ್ಲ ಒಳಗೆ, ಅವರಿಬ್ಬರ ಮೇಲೆ. ನಂಬರ್ ಒಂದು ನಮ್ಮನ್ನು ಏಣಿಯ ಹತ್ತಿರ ಕರೆದರು. ಏಣಿಯ ಎರಡು ತುಂಡು ಬೇರೆ ಮಾಡಿಸಿದರು. ತಲೆಗಳನ್ನು ಒಂದರ ಮೇಲೊಂದು ಹಾಕಿ ಹಗ್ಗದಿಂದ ಬಿಗಿಸಿದರು, ಕಾಲು ಅಗಲಿಸಿ ಹಗೇವಿನ ಬಾಯಿಯ ಆಚೆಗೊಂದು ಈಚೆಗೊಂದು ನಿಲ್ಲಿಸಿದರು, ಹಿಂದೆ ಮುಂದೆ ಬೀಳದಂತೆ ಎರಡು ಹಗ್ಗ ಬಿಗಿದರು. ಕೂಡಿದ ತಲೆಗೆ ರಾಟೆ ಕಟ್ಟಿದೆವು. ಕವಾಯತಿನಲ್ಲಿ ಇದನ್ನು ಬೇಸರದಿಂದ ಮಾಡುತ್ತಿದ್ದೆವು, ಇದರ ಕೆಲಸ ಬೀಳುವುದೇ ಇಲ್ಲ ಎಂದು. ನಿಲ್ಲಿಸಿದ ಕೂಡಲೇ ಒಂದು ಕಾಲು ಕೆಸರಿನಲ್ಲಿ ಜಾರಿತು. ನಂಬರ್ ನಾಲ್ಕು ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ಎದೆಗೊತ್ತಿಕೊಂಡು ತಂದು ಅದರ ಹಿಂದೆ ಇಟ್ಟ. ಮೂರು, ನಾಲ್ಕು ತಮ್ಮ ತಮ್ಮ ಕಾಲು ಹಿಡಿದು ಕೂತರು. ಗಂಟೆಗಟ್ಟಲೆ ಆಯಿತೆನ್ನಿಸಿತು, ನಿಜಕ್ಕೂ ಆಗಿದ್ದು ಸ್ವಲ್ಪವೇ ಹೊತ್ತು.

ಅಷ್ಟರಲ್ಲಿ ನಾನು ಸೆಟ್ ಬಿಚ್ಚಿ ನೆಲಕ್ಕಿಟ್ಟಿದ್ದೆ.

"ಬೆಳಕ ಆರಿಲ್ಲ ಅಂದ್ರಲ್ರಿ. ನಾ ಹಿಂಗಽ ಇಳೀತೀನಿ. ಉಸರ ಹಿಡದು ಹೋಗಿ ಒಬ್ಬನ್ನ ಕಟ್ಟಿ ಬರ್ತೀನಿ."

ನಂಬರ್ ಒಂದು ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಆ ಹೊತ್ತಿಗೆ ಅವರಿಗೂ ಬೇರೆ ದಾರಿ ಕಂಡಿರಲಿಲ್ಲ. ನಾನು ಸೊಂಟಕ್ಕೆ ರಾಟೆಯ ಹಗ್ಗ ಕಟ್ಟಿಕೊಂಡು, ಇಳಿಯುವ ಮೊದಲು ಅವರೆಲ್ಲಿ ಬಿದ್ದಿದ್ದಾರೆ ನೋಡೋಣ ಎಂದು ಬೋರಲು ಮಲಗಿ ತಲೆ ಬಗ್ಗಿಸಿದೆ. ಹೆಂಡದಂಥ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಕೆಳಗೆ ದಾರಕ್ಕೆ ಕಟ್ಟಿದ ಬೆಳಕು ತೂಗಾಡುತ್ತಿತ್ತು. ಬಿಳಿ ಬೆಳಕು.

ಕಂದೀಲಿನ ಬೆಳಕು ಬಿಳಿ ಇರುವುದಿಲ್ಲ.

"ಏನ ಬಿಟ್ಟೀರ್ರಿ ಒಳಗ?" ಎಂದೆ.

"ಬ್ಯಾಟರಿ ರೀ," ಎಂದ ಯಜಮಾನ. "ಚಾರ್ಜ್ ಮಾಡೂದು. ಆರಿಲ್ಲ ನೋಡ್ರಿ ಇನ್ನೂ."

ಬ್ಯಾಟರಿಗೆ ಗಾಳಿ ಬೇಕಿಲ್ಲ. ಅದು ನೀರಿನೊಳಗೂ ಉರಿಯುತ್ತದೆ, ಹೆಣದ ಪಕ್ಕದಲ್ಲೂ ಉರಿಯುತ್ತದೆ. ಈ ಮನುಷ್ಯ ಅಜ್ಜನ ಕಾಲದಿಂದ ಬಂದ ರೀತಿಯನ್ನು ಬಿಟ್ಟಿರಲಿಲ್ಲ. ಇಳಿಯುವ ಮೊದಲು ಬೆಳಕು ಬಿಟ್ಟಿದ್ದ, ಕಾದಿದ್ದ, ನೋಡಿದ್ದ. ಬೆಳಕು ಯಾಕೆ ಬಿಡುತ್ತಾರೆ ಎನ್ನುವುದೊಂದೇ ತಪ್ಪಿಹೋಗಿತ್ತು. ಅವನ ಮುಖ ನೋಡಿದೆ. ಇನ್ನೂ ಅವನಿಗೆ ಹೊಳೆದಿರಲಿಲ್ಲ. ನಾನು ಹೇಳಲಿಲ್ಲ. ಆಗ ಹೇಳಿದ್ದರೆ ಕಂಬಳಿ ಆಡಿಸುವ ಕೈಯೊಂದು ನಿಲ್ಲುತ್ತಿತ್ತು, ಅಷ್ಟೇ.

ನಂಬರ್ ಒಂದಕ್ಕೆ ಮಾತು ಕೇಳಿಸಿತ್ತು. ಅವರು ನನ್ನನ್ನು ತೋಳು ಹಿಡಿದು ಬಾಯಿಯಿಂದ ಹಿಂದೆ ಸರಿಸಿದರು. ಆಮೇಲೆ ನೆಲದ ಮೇಲಿದ್ದ ಸೆಟ್ಟನ್ನು ನೋಡುತ್ತ ನಿಂತರು. ಉಸಿರಾಟದ ಸೆಟ್ಟಿಗೆ ಒಂದು ಕಾಯಿದೆ ಇದೆ. ಕೆಟ್ಟ ಗಾಳಿಯಲ್ಲಿ ಅದನ್ನು ಮೈಯಿಂದ ಬಿಚ್ಚಬಾರದು, ಯಾವ ಕಾರಣಕ್ಕೂ. ತರಬೇತಿಯಲ್ಲಿ ಮೊದಲ ದಿನವೇ ಹೇಳುವುದು ಅದನ್ನು.

"ಮಾಸ್ಕ್ ಮಾರಿಗೆ ಇರಲಿ," ಎಂದರು. "ಸಿಲಿಂಡರ್ ಬೆನ್ನಿಗೆ ಬ್ಯಾಡ. ಎರಡೂ ಕೈ ಮ್ಯಾಲೆತ್ತಿ ತಲಿ ಮ್ಯಾಲ ಹಿಡಕೊ. ಅದರ ಹಗ್ಗ ನನ್ನ ಕೈಯಾಗ ಇರ್ತೈತಿ. ನೀ ಇಳಿದಂಗ ಅದನ್ನ ಇಳಸ್ತೀನಿ. ಒಳಗ ಹೋದಮ್ಯಾಲ ಬೆನ್ನಿಗೆ ಹಾಕ್ಕೊ."

"ಹಿಂದ ಮುಂದ ಆದ್ರ?"

"ಮಾಸ್ಕ್ ಕಿತ್ತು ಬರ್ತೈತಿ. ಒಂದ ಉಸರ ತಗೊಂಡ್ರ ನೀನೂ ಅಲ್ಲೇ." ನನ್ನ ಮುಖ ನೋಡಿ ಅಂದರು, "ಒಲ್ಲೆ ಅಂದ್ರ ಒಲ್ಲೆ ಅನ್ನು. ಯಾರೂ ಏನೂ ಅನ್ನಾಂಗಿಲ್ಲ. ಇಳದ್ರ, ನಾ ಹೇಳಿದ್ದಕ್ಕ ಇಳದೆ ಅಂತ ಇರಲಿ."

ಮಾಸ್ಕಿನ ಕೊಳವೆ ಮೊಳದುದ್ದವೂ ಇಲ್ಲ. ಅವರ ಕೈ ಒಂದು ಗೇಣು ತಡವಾದರೂ ನನ್ನ ಕಥೆ ಮುಗಿಯುತ್ತಿತ್ತು. ನನಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಟ್ಟು ಏನು ಮಾಡಲಿ. ಇಳಿಯುತ್ತೇನೆ ಎಂದೆ. ಚಾಲಕ ಅಂದು ಪಂಪು ಬಿಟ್ಟು ಬಂದಿದ್ದ, ಪಂಪಿಗೆ ಕೆಲಸವೂ ಇರಲಿಲ್ಲ. ರಾಟೆಯ ಹಗ್ಗದ ತುದಿಯನ್ನು ಅವನು ಬೇವಿನ ಬೊಡ್ಡೆಗೆ ಒಂದು ಸುತ್ತು ಹಾಕಿ ಹಿಡಿದ, ಎಳೆಯುವವರು ಕೈಬಿಟ್ಟರೂ ಭಾರ ಕೆಳಗೆ ಬೀಳದ ಹಾಗೆ. ಎಳೆಯಲು ಊರವರನ್ನು ಸಾಲಾಗಿ ನಿಲ್ಲಿಸಿದರು. ಕಂಬಳಿ ಬಿಟ್ಟು ಯಜಮಾನ ಬಂದು ಸಾಲಿನ ಮುಂದೆ ನಿಂತ. ಹಿಂದೆ ನಿಲ್ಲಿ ಎಂದರೆ ಕೇಳಲಿಲ್ಲ.

"ಹಗ್ಗ ಮೂರ ಸಲ ಜಗ್ಗಿದ್ರ ಎಳೀರಿ," ಎಂದರು ನಂಬರ್ ಒಂದು. ನನಗೆ ಇನ್ನೊಂದು ಮಾತು ಹೇಳಿದರು. "ಸೀಟಿ ಹೊಡದ್ರ ಏನಿದ್ರೂ ಬಿಟ್ಟು ಬಾ." ಸಿಲಿಂಡರಿನ ಗಾಳಿ ಮುಗಿಯುತ್ತ ಬಂದರೆ ಸೆಟ್ಟೇ ಸೀಟಿ ಹೊಡೆಯುತ್ತದೆ.

ಇಳಿದೆ. ಕಲ್ಲಿನ ಅಂಚು ಎದೆಯನ್ನು, ಬೆನ್ನನ್ನು ಉಜ್ಜಿತು. ತಲೆಯ ಮೇಲೆ ಕೈಗಳಲ್ಲಿ ಸಿಲಿಂಡರ್, ಅದರ ಮೇಲೆ ನಂಬರ್ ಒಂದರ ಮುಖ, ಅದರ ಮೇಲೆ ನಮ್ಮ ಏಣಿ, ಅದರಾಚೆ ಮೋಡ. ಮಾಸ್ಕ್ ಒಮ್ಮೆ ಮೇಲಕ್ಕೆ ಎಳೆದು ಗದ್ದದ ಹತ್ತಿರ ಸಡಿಲವಾಯಿತು. ಉಸಿರು ಹಿಡಿದೆ. ಹಗ್ಗ ಸಡಿಲ ಬಂತು, ಮಾಸ್ಕ್ ಕೂತಿತು. ಅಲ್ಲಿಂದ ಕೆಳಗೆ ಅವರ ಕೈ ಒಮ್ಮೆಯೂ ತಪ್ಪಲಿಲ್ಲ.

ಕಾಲಿಗೆ ಒದ್ದೆ ಜೋಳ ಹತ್ತಿತು. ಸೆಟ್ಟನ್ನು ಬೆನ್ನಿಗೆ ಹಾಕಿ ಪಟ್ಟಿ ಬಿಗಿದೆ, ಸೊಂಟದ ಹಗ್ಗ ಬಿಚ್ಚಿದೆ. ಬ್ಯಾಟರಿ ಕಣ್ಣೆದುರಿಗೇ ಉರಿಯುತ್ತಿತ್ತು, ಅದರ ಬೆಳಕಿನಲ್ಲಿ ಎಲ್ಲ ಚೆನ್ನಾಗಿ ಕಂಡಿತು. ಬಾಯಿಯ ನೇರ ಕೆಳಗೆ, ಜೋಳದ ದಿಬ್ಬಕ್ಕೆ ಒರಗಿ ಆಳು ಕೂತಂತೆ ಬಿದ್ದಿದ್ದ. ಮುಖ ಮೇಲಕ್ಕೆ ತಿರುಗಿತ್ತು, ಬಾಯಿ ತೆರೆದಿತ್ತು. ಮೊದಲು ಇಳಿಬಿಟ್ಟಿದ್ದ ನಾರಿನ ಹಗ್ಗ ಅವನ ಎರಡೂ ಬಗಲಿನ ಕೆಳಗೆ ಹಾಯ್ದು ಎದೆಯ ಮೇಲೆ ಬಂದಿತ್ತು. ತುದಿ ಮಡಿಲಲ್ಲಿ ಬಿದ್ದಿತ್ತು. ಗಂಟು ಇರಲಿಲ್ಲ. ಒಬ್ಬನೇ ಇಳಿದವನು ತನ್ನ ಎದೆಗೆ ಹಾಗೆ ಹಗ್ಗ ಹಾಯಿಸಿಕೊಳ್ಳುವುದಿಲ್ಲ. ಹಾಯಿಸಿದವನು ಆಚೆ, ದಿಬ್ಬ ಇಳಿದು ಗೋಡೆಯ ಬುಡದಲ್ಲಿ ಬೋರಲು ಬಿದ್ದಿದ್ದ. ಅದು ತಗ್ಗು. ಕೆಟ್ಟ ಗಾಳಿ ತಗ್ಗಿನಲ್ಲೇ ನಿಲ್ಲುತ್ತದೆ, ಕಂಬಳಿಯ ಗಾಳಿ ಅಲ್ಲಿಗೆ ಮುಟ್ಟುವುದಿಲ್ಲ.

ಕೈಗವಸು ಬಿಚ್ಚಿದೆ. ಆಳಿನ ಎದೆಯ ಮೇಲೆ ಅಂಗೈ ಇಟ್ಟೆ. ತಡೆದು ತಡೆದು, ಸಣ್ಣಗೆ, ಆಡುತ್ತಿತ್ತು. ಮಗನ ಹತ್ತಿರ ಹೋಗಿ ಮಗ್ಗುಲು ಮಾಡಿ ಕುತ್ತಿಗೆ ಹಿಡಿದೆ. ಬೆರಳು ಸರಿಸಿ ಸರಿಸಿ ಹಿಡಿದೆ. ಏನೂ ಸಿಗಲಿಲ್ಲ. ಮೈ ಇನ್ನೂ ಬಿಸಿಯಾಗಿತ್ತು. ಆ ಬಿಸಿ ನನ್ನನ್ನು ತಡೆದು ನಿಲ್ಲಿಸಿತು. ನಾಡಿ ಸಿಗದಿದ್ದರೂ ಮೈ ಬಿಸಿ ಇದ್ದವರು ಉಳಿದದ್ದನ್ನು ಕೇಳಿದ್ದೇನೆ. ಇಲ್ಲಿಂದ ದಿಬ್ಬದ ಮೇಲೆ ಎಳೆದು ಬಾಯಿಯ ಕೆಳಗೆ ತರಬೇಕು, ಅದಕ್ಕೆ ಆಳನ್ನು ಪಕ್ಕಕ್ಕೆ ತಳ್ಳಬೇಕು, ತಗ್ಗಿಗೆ. ತಳ್ಳಿದರೆ ಆ ಎದೆ ಆಡುವುದು ನಿಲ್ಲುತ್ತದೆ.

ಮೇಲಿನಿಂದ ಯಜಮಾನನ ದನಿ ಬಂತು. "ನಮ್ಮ ಹುಡುಗ ಸಿಕ್ಕಾನೇನ್ರಿ? ಅವನ್ನ ಮೊದಲ ಕಟ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಅವನ್ನ ಮೊದಲ ಕಟ್ರಿ."

ಮಾಸ್ಕ್ ಹಾಕಿದವನು ಉತ್ತರ ಕೊಡಲಾರ. ಕೊಡಬೇಕಾಗಿಲ್ಲದ್ದು ನನಗೆ ಒಳ್ಳೆಯದೇ ಆಯಿತು. ನಾನು ಆಳಿನ ಹತ್ತಿರ ಹೋದೆ. ನಮ್ಮ ಹಗ್ಗವನ್ನು ಅವನ ಬಗಲಿಗೆ ಸುತ್ತಿ ಗಂಟು ಹಾಕಿ, ಕೈಗಳನ್ನು ತಲೆಯ ಮೇಲೆ ಕೂಡಿಸಿ ಕಟ್ಟಿ, ಮೂರು ಸಲ ಜಗ್ಗಿದೆ.

ಅವನು ಎದ್ದ. ಕಾಲುಗಳು ನನ್ನ ಎದೆಯ ಮಟ್ಟಕ್ಕೆ ಬಂದವು, ತಲೆಯ ಮಟ್ಟಕ್ಕೆ ಬಂದವು. ಅಲ್ಲಿ ಹಗ್ಗ ನಿಂತಿತು.

ಮೇಲೆ ಏನಾಯಿತು ಎಂಬುದನ್ನು ಆಮೇಲೆ ಚಾಲಕ ಹೇಳಿದ. ಬಾಯಿಯಿಂದ ಮೊದಲು ಕೈ ಕಂಡವು, ಆಮೇಲೆ ಮುಖ ಕಂಡಿತು. ಸಾಲಿನ ಮುಂದಿದ್ದ ಯಜಮಾನ ಆ ಮುಖ ನೋಡಿದ, ಕೈ ನಿಂತಿತು. ಅವನದು ನಿಂತದ್ದಕ್ಕೆ ಹಿಂದಿನವರೆಲ್ಲರದೂ ನಿಂತಿತು. ಎಲ್ಲರೂ ಅವನ ದಾಯಾದಿಗಳು, ನೆಂಟರು. ಬೇವಿನ ಬೊಡ್ಡೆಯ ಸುತ್ತು ಇರದಿದ್ದರೆ ಆ ಮನುಷ್ಯ ನನ್ನ ಮೇಲೆಯೇ ಬೀಳುತ್ತಿದ್ದ. ಮೂರು, ನಾಲ್ಕು ಏಣಿಯ ಕಾಲು ಹಿಡಿದು ತಲೆ ತಗ್ಗಿಸಿಯೇ ಕೂತಿದ್ದರು. ಅವರ ಕೆಲಸವೇ ಅದು, ಆದರೂ ಆ ಹೊತ್ತಿನಲ್ಲಿ ತಲೆ ಎತ್ತದೆ ಇರುವುದು ಎಂಥ ಕಷ್ಟವೆಂದು ನಂಬರ್ ಮೂರು ಈಗಲೂ ಹೇಳುತ್ತಾನೆ.

ಕೆಳಗೆ ನಾನು ಆ ಕಾಲುಗಳನ್ನು ನೋಡುತ್ತ ನಿಂತಿದ್ದೆ. ನನಗೆ ಅರ್ಥವಾಗಿತ್ತು. ಬೈಯಬೇಕೆನ್ನಿಸಿತು, ಮಾಸ್ಕಿನೊಳಗೇ ಬೈದೆ.

ನಂಬರ್ ಒಂದು ದನಿ ಏರಿಸಲಿಲ್ಲ. "ಯಜಮಾನ್ರ, ಬಾಯಿಗೆ ಇವ ಅಡ್ಡ ಅದಾನ. ಇವ ಹೊರಗ ಬರೂತನಕ ನಿಮ್ಮ ಮಗಾ ಬರಾಂಗಿಲ್ಲ," ಎಂದರು. ಇದು ಲೆಕ್ಕದ ಮಾತು, ನ್ಯಾಯದ ಮಾತಲ್ಲ. ನ್ಯಾಯ ಹೇಳಿದ್ದರೆ ಬಹುಶಃ ಆ ಹಗ್ಗ ಚಲಿಸುತ್ತಿರಲಿಲ್ಲ. ಯಜಮಾನ ಎಳೆದ. ಹಿಂದಿನವರಿಗಿಂತ ಮೊದಲು ಎಳೆದವನು ಅವನೇ. ಅದನ್ನೂ ಇಲ್ಲಿ ಬರೆಯಬೇಕು.

ಹಗ್ಗ ಮತ್ತೆ ಕೆಳಗೆ ಬರುವಷ್ಟರಲ್ಲಿ ನಾನು ಮಗನನ್ನು ಎರಡು ಬಗಲಿಗೆ ಕೈ ಹಾಕಿ ಎಳೆಯುತ್ತಿದ್ದೆ. ದಪ್ಪ ಮೈಯವನಲ್ಲ, ಆದರೂ ಜಾರುವ ಜೋಳದ ಮೇಲೆ ಒಂದು ಹೆಜ್ಜೆ ಮೇಲೆ ಬಂದರೆ ಎರಡು ಹೆಜ್ಜೆ ಕೆಳಗೆ. ಅರ್ಧ ದಿಬ್ಬದಲ್ಲಿ ಸೀಟಿ ಹೊಡೆಯಿತು. ಬಿಟ್ಟು ಹೋಗಬೇಕಾದ ಸೀಟಿ. ಆ ಗುಂಡಿಯಲ್ಲಿ ಅದು ಕಿವಿ ಕೊರೆಯುವಂತೆ ಕೇಳುತ್ತಿತ್ತು, ಮೇಲೆ ನಂಬರ್ ಒಂದಕ್ಕೂ ಕೇಳಿಸಿರಬೇಕು, ಅವರು ನನ್ನ ನಂಬರ್ ಕೂಗಿದರು. ನಾನು ಬಿಡಲಿಲ್ಲ. ಧೈರ್ಯದಿಂದ ಅಲ್ಲ. ಬರಿಗೈಯಲ್ಲಿ ಮೇಲೆ ಹೋಗಿ ಆ ತಂದೆಯ ಮುಖ ನೋಡುವುದು ಆಗದ ಮಾತಾಗಿತ್ತು. ಕಟ್ಟಿದೆ, ಜಗ್ಗಿದೆ. ಈ ಸಲ ಹಗ್ಗ ಎಲ್ಲೂ ನಿಲ್ಲಲಿಲ್ಲ.

ನನ್ನ ಸರದಿ ಬಂದಾಗ ಮಾಸ್ಕ್ ಮುಖಕ್ಕೆ ಅಂಟಿಕೊಳ್ಳತೊಡಗಿತ್ತು. ಪಟ್ಟಿ ಬಿಚ್ಚಿ, ಸಿಲಿಂಡರ್ ತಲೆಯ ಮೇಲೆ ಹಿಡಿದು, ಉಳಿದ ಗಾಳಿಯನ್ನು ಸಣ್ಣ ಸಣ್ಣಗೆ ಎಳೆಯುತ್ತ ಬಾಯಿ ದಾಟಿದೆ. ಹೊರಗೆ ಬಿದ್ದು ಮಾಸ್ಕ್ ಕಿತ್ತು ಹಾಕಿ ಕೆಮ್ಮಿದೆ. ನಂಬರ್ ಒಂದು ಎದೆ ಒತ್ತುತ್ತಿದ್ದರು, ಮಗನದು. ಮೊಣಕಾಲು ನೋವಿನ ಮನುಷ್ಯ ಕಲ್ಲಿನ ಮೇಲೆ ಮೊಣಕಾಲೂರಿ ಅಂಬುಲೆನ್ಸಿನವರು ಬಂದು ಕೈ ಹಿಡಿದು ಎಬ್ಬಿಸುವ ತನಕ ಒತ್ತಿದರು. ಆಳನ್ನು ಬೇವಿನ ಕೆಳಗೆ ಮಲಗಿಸಿದ್ದರು. ಅವನ ಹೆಂಡತಿ ಗೋಡೆಯ ಹತ್ತಿರ ಸೆರಗು ಬಾಯಿಗಿಟ್ಟುಕೊಂಡು ದೂರದಲ್ಲೇ ನಿಂತಿದ್ದಳು. ಆ ಮನೆಯವರ ಅಳುವಿನ ನಡುವೆ ತನ್ನ ಗಂಡನ ಸುದ್ದಿ ಕೇಳುವ ಧೈರ್ಯ ಅವಳಿಗಿರಲಿಲ್ಲ. ನಂಬರ್ ನಾಲ್ಕು ಏಣಿಯ ಕಾಲು ಬಿಟ್ಟು ಎದ್ದವನು ಮೊದಲು ಅವಳ ಹತ್ತಿರ ಹೋದ.

"ಉಸರ ಐತಿ, ತಂಗಿ. ಹೋಗು, ಗಾಡ್ಯಾಗ ಕೂಡು," ಎಂದ.

ದವಾಖಾನೆಯಲ್ಲಿ ಮಗನ ಜೀವ ಹೋಗಿ ಬಹಳ ಹೊತ್ತಾಗಿದೆ ಎಂದರು. ಆಳನ್ನು ಗದಗಿಗೆ ಒಯ್ದರು, ಅವನು ಉಳಿದ. ಏಣಿಯ ಒಂದು ಕಾಲು ಬೀಸುಕಲ್ಲಿಗೆ ಒತ್ತಿ ತುಸು ಬಾಗಿತ್ತು. ಠಾಣೆಗೆ ಬಂದು ಅದನ್ನು ತೊಳೆದೆವು. ರೊಟ್ಟಿ ಗಂಟುಗಳು ಬಿಚ್ಚಿದಂತೆಯೇ ಇದ್ದವು, ಯಾರೂ ಮುಟ್ಟಲಿಲ್ಲ.

ಹೆಸರು ಬೆಳೆ ಹೂ ಬಿಟ್ಟ ಮೇಲೆ ಒಂದು ಬೆಳಿಗ್ಗೆ, ನಾವು ಕವಾಯತಿನಲ್ಲಿದ್ದಾಗ ಯಜಮಾನ ಠಾಣೆಗೆ ಬಂದ. ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದ. ನಂಬರ್ ಒಂದು ಅವನನ್ನು ಬೆಂಚಿನ ಮೇಲೆ 'ಬರ್ರಿ, ಕೂಡ್ರಿ' ಎಂದು ಕೂಡಿಸಿ ಚಹಾ ತರಿಸಿದರು. ಅವನು ಕಪ್ಪು ಕೈಯಲ್ಲಿ ಹಿಡಿದುಕೊಂಡು ಕೂತ. ತಕರಾರು ಮಾಡಲು ಬಂದಿರಬಹುದೆಂದು ನನಗೆ ಒಳಗೊಳಗೆ ಅಳುಕು. ಮಗನ ಕಡೆಯವರು ಯಾರಾದರೂ ಬಂದು ಕೇಳಿದರೆ "ಜೀವಾ ಮೊದಲಽ ಹೋಗಿತ್ತು, ಏನೂ ಮಾಡಾಕ ಬರ್ತಿದ್ದಿಲ್ಲ" ಎಂದು ಗಟ್ಟಿಯಾಗಿ ಹೇಳಿಬಿಡಬೇಕೆಂದು ಅಧಿಕಾರಿ ನನಗೆ ಮೊದಲೇ ಹೇಳಿಕೊಟ್ಟಿದ್ದರು.

"ಒಳಗ ಇಳದಾವ್ರು ಯಾರು?" ಎಂದು ಕೇಳಿದ.

"ನಾನ್ರಿ."

"ನನ್ನ ಮಗನ್ನ ಮುಟ್ಟಿ ನೋಡಿದ್ರೋ, ನೋಡದಽ ಆ ಆಳನ್ನ ಕಟ್ಟಿದ್ರೋ?"

"ಇಬ್ಬರನ್ನೂ ಮುಟ್ಟಿ ನೋಡೀನ್ರಿ. ಬರಿಗೈಲೆ. ಅವನ ಎದಿ ಆಡತಿತ್ತು. ನಿಮ್ಮ ಮಗಂದು ನಾಡಿ ನನಗ ಸಿಗಲಿಲ್ಲ."

"ಮೊದಲ ನನ್ನ ಮಗನ್ನ ತಗದಿದ್ರ?"

ಹೇಳಿಕೊಟ್ಟ ಮಾತು ನಾಲಗೆಯ ತುದಿಯಲ್ಲಿತ್ತು. ಅವನ ಕಣ್ಣು ನೋಡಿದ ಮೇಲೆ ಅದು ಬರಲಿಲ್ಲ.

"ಗೊತ್ತಿಲ್ರಿ. ದವಾಖಾನಿಯವ್ರು ಆಗಿ ಹೋಗಿತ್ತು ಅಂತಾರ. ಖರೇನೂ ಇರಬೇಕು. ಆದ್ರ ಮೈ ಬಿಸಿ ಇತ್ತು. ನಾ ಸುಳ್ಳ ಹೇಳಾಂಗಿಲ್ಲ."

ಅವನು ತಲೆ ಆಡಿಸಿದ. ಆಮೇಲೆ ನಾನು ಹಗ್ಗದ ವಿಷಯ ಹೇಳಿದೆ. ಆಳಿನ ಬಗಲಿಗೆ ಹಗ್ಗ ಹಾಯಿಸಿದ್ದು ಅವನ ಮಗ, ಗಂಟು ಹಾಕುವಷ್ಟು ಉಸಿರು ಅವನಿಗೆ ಸಾಲಲಿಲ್ಲ ಎಂದೆ. ಹಗ್ಗ ಹಾಯಿಸಲು ಆಳನ್ನು ದಿಬ್ಬಕ್ಕೆ ಒರಗಿಸಿ ಕೂಡಿಸಿದ್ದ, ಅದಕ್ಕೇ ಕಂಬಳಿಯ ಗಾಳಿ ಅವನ ಮುಖಕ್ಕೆ ಸಿಕ್ಕಿತು ಎಂದೂ ಹೇಳಿದೆ.

"ಮನ್ಯಾಗ ಕಂದೀಲ ಇತ್ರಿ," ಎಂದ ಯಜಮಾನ. "ಅಟ್ಟದ ಮ್ಯಾಲ ಇತ್ತು. ಎಣ್ಣಿ ಇದ್ದಿಲ್ಲ. ಬೆಳಕ ಯಾವುದಾದ್ರೇನು ಅಂದ್ಕೊಂಡೆ."

ನಂಬರ್ ಒಂದು ಬೆಂಚಿನ ಮೇಲೆ ಅವನ ಪಕ್ಕ ಕೂತರು.

"ಅವ ಮೊನ್ನೆ ಮನಿಗೆ ಬಂದಿದ್ದ, ಆಳು. ಬಾಗಲದಾಗ ನಿಂತು ಅತ್ತ. ನಾ ಒಳಗ ಬಾ ಅನ್ನಲಿಲ್ಲ. ನಿಂತು ನಿಂತು ಹೋದ." ಕಪ್ಪನ್ನು ಬೆಂಚಿನ ಮೇಲೆ ಇಟ್ಟು ಎದ್ದು ನಿಂತ. ಚಹಾ ಕುಡಿದಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಅಂದ, "ನನ್ನ ಮಗಾ ಅವನ್ನ ತಗೀಲಿಕ್ಕೆ ಇಳದಿದ್ದ. ನೀವೂ ಅವನ್ನ ತಗದ್ರಿ. ತಿಳೀತೈತ್ರಿ ನನಗ, ತಿಳ್ಯಾಂಗಿಲ್ಲ ಅಂತಲ್ಲ. ಆದ್ರ ನೀವು ಚಲೋ ಮಾಡಿದ್ರಿ ಅನ್ನೂ ಮಾತ ನನ್ನ ಬಾಯಾಗ ಬರಾಂಗಿಲ್ಲ ನೋಡ್ರಿ."

"ಅನ್ನಬ್ಯಾಡ್ರಿ, ಯಜಮಾನ್ರ," ಎಂದೆ.